ಅತ್ತೆಯ ಮಗ, ಖಾಲಾ ಮಗ

ಕಳೆದ ಚಳಿಗಾಲದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮೂರು ವಾರ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಹೀಗಾಗಿದ್ದು ಅದೇ ಮೊದಲು. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವವರ ಮನೆ, ಅವರದು ಹಿಪ್ಪುನೇರಳೆ ತೋಟವಿಟ್ಟು ಹುಳು ಸಾಕುವವರ ಮನೆ. ಅವರು ಗೂಡು ಬೆಳೆಯದಿದ್ದರೆ ನಮ್ಮ ಒಲೆ ಉರಿಯದು, ನಮ್ಮಂಥವರು ಕೊಳ್ಳದಿದ್ದರೆ ಅವರ ಸಾಲ ತೀರದು. ನಮ್ಮ ಊರಿನಲ್ಲಿ ಹಿಂದೂ ಮುಸ್ಲಿಮರ ನಡುವಿನ ನಂಟು ಇಂಥ ನೂಲಿನದೇ.

ಮನಸ್ತಾಪಕ್ಕೆ ಕಾರಣ ಇಷ್ಟೇ. ಚಿಂತಾಮಣಿಯಲ್ಲಿರುವ ನನ್ನ ಅಕ್ಕ ತನ್ನ ಮಗನಿಗೆ ನನ್ನ ದೊಡ್ಡ ಮಗಳನ್ನು ಕೇಳಿದ್ದಳು. ಪಕ್ಕದ ಮನೆಯ ಅಕ್ಕ ಚಹಾ ಕುಡಿಯುತ್ತಾ, "ಗಂಡು ಯಾರ ಮನೆಯವನು ಟೀಚರಮ್ಮ?" ಎಂದರು. ನನ್ನ ಅಕ್ಕನ ಮಗ ಎಂದೆ. ಅವರು ಲೋಟವನ್ನು ಕೆಳಗಿಟ್ಟುಬಿಟ್ಟರು. "ದೊಡ್ಡಮ್ಮನ ಮಗ ಅಣ್ಣ ಆಗಲ್ವಾ? ಅಣ್ಣನಿಗೆ ತಂಗೀನ ಕೊಡ್ತಾರಾ?"

ಒಳಗಿನಿಂದ ಅಮ್ಮಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ನೀನು ನಿನ್ನ ಮಗಳನ್ನ ನಿನ್ನ ತಮ್ಮನಿಗೇ ಕೊಡಲಿಲ್ವೇನಮ್ಮಾ? ಮಾಮು ಅಂದರೆ ತಂದೆ ಸಮಾನ. ತೌಬಾ, ಅದಕ್ಕಿಂತ ಇದು ಕೆಟ್ಟದ್ದಾ?" ಎಂದುಬಿಟ್ಟರು. ಇಬ್ಬರಿಗೂ ತಾವು ಹೇಳಿದ್ದು ನ್ಯಾಯವೇ. ಇಬ್ಬರಿಗೂ ಎದುರಿನವರು ಮಾಡಿದ್ದು ಕೇಳಲೂ ಅಸಹ್ಯ.

ಮದ್ರಸದಲ್ಲಿ ನಾನು ಸೂರಃ ಅನ್ನಿಸಾದ 23ನೆಯ ಆಯತ್ತನ್ನು ಬಾಯಿಪಾಠ ಮಾಡಿದ್ದೆ. ಯಾರನ್ನು ಮದುವೆಯಾಗಬಾರದು ಎಂಬ ಪಟ್ಟಿ ಅದರಲ್ಲಿದೆ. ಸಹೋದರಿಯ ಮಗಳು ಆ ಪಟ್ಟಿಯಲ್ಲಿದ್ದಾಳೆ, ತಾಯಿಯ ಸಹೋದರಿಯ ಮಗಳು ಇಲ್ಲ. ಅಷ್ಟಕ್ಕೆ ನನಗೆ ವಿಷಯ ಮುಗಿದಿತ್ತು. ಆಮೇಲೆ ಬಿ.ಎ.ಗೆ ಸಮಾಜಶಾಸ್ತ್ರ ಓದುವಾಗ ಮಾನವಶಾಸ್ತ್ರದ ಒಂದು ಪಾಠ ಬಂತು: ನಂಟಸ್ತಿಕೆಯ ಪದಗಳು. ಪರೀಕ್ಷೆಗೆಂದು ಓದಿ ಮರೆತಿದ್ದ ಆ ಪಾಠ ಈ ಜಗಳದ ರಾತ್ರಿ ನೆನಪಿಗೆ ಬಂತು.

ಕನ್ನಡದಲ್ಲಿ ತಂದೆಯ ಅಕ್ಕತಂಗಿ ಅತ್ತೆ. ಸೋದರಮಾವನ ಹೆಂಡತಿಯೂ ಅತ್ತೆ. ಗಂಡನ ತಾಯಿಯೂ ಅತ್ತೆ. ಮೂವರಿಗೆ ಒಂದೇ ಪದ. ಮಾವ ಎಂಬುದೂ ಹಾಗೆಯೇ, ತಾಯಿಯ ಅಣ್ಣತಮ್ಮನೂ ಮಾವ, ಗಂಡನ ತಂದೆಯೂ ಮಾವ. ಗಂಡಸಿಗೆ ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಅಕ್ಕನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ನಮ್ಮ ಜಿಲ್ಲೆಯ ಅರ್ಧ ಮನೆಗಳಲ್ಲಿ ಕೇಳುವ ತೆಲುಗಿನಲ್ಲೂ ಅತ್ತ, ಮಾಮ ಎಂಬುದು ಇದೇ ಕ್ರಮ. ಅತ್ತೆ ಮಾವಂದಿರ ಮಕ್ಕಳು ಮದುವೆಗೆ ಸಲ್ಲುವವರು ಎಂಬುದನ್ನು ಭಾಷೆಯೇ ಮೊದಲು ಹೇಳಿಬಿಟ್ಟಿದೆ. ಆದರೆ ತಾಯಿಯ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಪದದೊಳಗೇ ಅಮ್ಮ ಕುಳಿತಿದ್ದಾಳೆ. ಅಮ್ಮನ ಮಕ್ಕಳು ಒಡಹುಟ್ಟಿದವರಲ್ಲದೆ ಮತ್ತೇನು? ತಂದೆಯ ಅಣ್ಣತಮ್ಮಂದಿರು ದೊಡ್ಡಪ್ಪ ಚಿಕ್ಕಪ್ಪಂದಿರು, ಅವರ ಮಕ್ಕಳೂ ಹಾಗೆಯೇ.

ಈಗ ನಮ್ಮ ಮನೆಯ ಮಾತಿಗೆ ಬನ್ನಿ. ಫುಪ್ಪು ಬೇರೆ, ಖಾಲಾ ಬೇರೆ, ಮುಮಾನಿ ಬೇರೆ, ಚಾಚಿ ಬೇರೆ, ಸಾಸ್ ಬೇರೆ. ಒಬ್ಬೊಬ್ಬರಿಗೆ ಒಂದೊಂದು ಹೆಸರು. ಈ ನಾಲ್ಕೂ ಕಡೆಯ ಮಕ್ಕಳನ್ನು ನಾವು ಕರೆಯುವುದು ಮಾತ್ರ ಒಂದೇ ರೀತಿ, ಭಾಯಿ ಅಥವಾ ಬೆಹೆನ್. ನಾಲ್ಕೂ ಕಡೆ ಮದುವೆಗೆ ಅಡ್ಡಿಯಿಲ್ಲ. ಅವರ ಭಾಷೆ ದಾಯಾದಿ ಮಕ್ಕಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಬಾಗಿಲು ತೆರೆಯುತ್ತದೆ, ಇನ್ನೊಂದಕ್ಕೆ ಮುಚ್ಚುತ್ತದೆ. ನಮ್ಮ ಭಾಷೆ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತದೆ.

ಅರಬಿಯಲ್ಲಿ ಒಂದು ಸೊಗಸಾದ ಮಾತಿದೆ. ಅಮ್ಮ್ ಎಂದರೆ ತಂದೆಯ ಸಹೋದರ, ಖಾಲ್ ಎಂದರೆ ತಾಯಿಯ ಸಹೋದರ. ಅರಬರಲ್ಲಿ ಚಾಚಾನ ಮಗಳನ್ನು ತರುವ ವಾಡಿಕೆ ಹೆಚ್ಚು. ಹಾಗಾಗಿ ಹೆಂಡತಿಯ ತಂದೆ ಯಾವ ಸಂಬಂಧಿಯಲ್ಲದಿದ್ದರೂ ಅವರು 'ಅಮ್ಮೀ', ಅಂದರೆ ನನ್ನ ಚಾಚಾ ಎಂದೇ ಕರೆಯುತ್ತಾರೆ. ನಮ್ಮ ಕನ್ನಡದವರು ಸಂಬಂಧವೇ ಇಲ್ಲದ ಊರಿನಿಂದ ಹೆಣ್ಣು ತಂದರೂ ಅವಳ ತಂದೆಯನ್ನು ಮಾವ ಎನ್ನುವುದಿಲ್ಲವೇ, ಹಾಗೆ. ಅಲ್ಲಿ ತಂದೆಯ ತಮ್ಮ, ಇಲ್ಲಿ ತಾಯಿಯ ತಮ್ಮ. ಯೋಚಿಸುವ ರೀತಿ ಮಾತ್ರ ಒಂದೇ.

ಈ ಪದಗಳ ಹಿಂದೆ ಬಿದ್ದವರಲ್ಲಿ ಮೊದಲಿಗರು ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲರು. ಅಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನ ತಾಯಿಯ ಅಕ್ಕತಂಗಿಯರನ್ನೂ ತಾಯಿ ಎಂದೇ ಕರೆಯುವುದನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು. ಪ್ರಶ್ನೆಗಳ ಪಟ್ಟಿ ತಯಾರಿಸಿ ಲೋಕದ ನಾನಾ ಕಡೆಯ ಪಾದ್ರಿಗಳಿಗೆ, ಅಧಿಕಾರಿಗಳಿಗೆ ಕಳುಹಿಸಿದರು. 1871ರಲ್ಲಿ ಅಚ್ಚಾದ ಅವರ ದಪ್ಪ ಪುಸ್ತಕದ ಪಟ್ಟಿಗಳಲ್ಲಿ ತಮಿಳು, ತೆಲುಗಿನ ಜೊತೆ ನಮ್ಮ ಕನ್ನಡವೂ ಇದೆ. ಸೆನೆಕಾ ಜನರ ಲೆಕ್ಕವೂ ತಮಿಳರ ಲೆಕ್ಕವೂ ಹೊಂದಿದ್ದನ್ನು ಕಂಡು, ಇಬ್ಬರೂ ಒಂದೇ ಮೂಲದವರು ಎಂದು ಮಾರ್ಗನ್ ತೀರ್ಮಾನಿಸಿದರು. ಅದು ತಪ್ಪು ಊಹೆ. ಪ್ರಶ್ನೆ ಮಾತ್ರ ಉಳಿಯಿತು. ನಮ್ಮ ದೇಶದಲ್ಲಿ ಇರಾವತಿ ಕರ್ವೆ ಎಂಬ ಮಹಿಳೆ ಊರೂರು ತಿರುಗಿ ಇಂಥ ಪದಗಳನ್ನೇ ಕಲೆಹಾಕಿ 1953ರಲ್ಲಿ ಪುಸ್ತಕ ಬರೆದರು. ಉತ್ತರದ ಹಿಂದೂಗಳಲ್ಲಿ ಸೋದರಮಾವನ ಮಗಳೂ ತಂಗಿಯೇ. ದಕ್ಷಿಣದಲ್ಲಿ ಅವಳೇ ಮೊದಲ ಹಕ್ಕಿನ ಸೊಸೆ. ಅಂದರೆ ನಮ್ಮ ಪಕ್ಕದ ಮನೆಯ ಅಕ್ಕನ ಮಗಳ ಮದುವೆಯ ಸುದ್ದಿ ಕೇಳಿದರೆ ಉತ್ತರ ಪ್ರದೇಶದ ಹಿಂದೂ ಹೆಂಗಸರೂ ಅಮ್ಮಿಯಂತೆಯೇ ಬೆಚ್ಚುತ್ತಾರೆ! 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ಸಂಬಂಧಗಳನ್ನು ನಿಷೇಧಿಸುತ್ತಲೇ, ರೂಢಿ ಇದ್ದಲ್ಲಿ ಆಗಬಹುದು ಎಂದು ದಾರಿ ಬಿಟ್ಟಿರುವುದು ಅದಕ್ಕೇ.

ಒಮ್ಮೆ ಚಿಕ್ಕಬಳ್ಳಾಪುರದಲ್ಲಿ ಶಿಕ್ಷಕರ ತರಬೇತಿಯಿದ್ದಾಗ ಊಟದ ಹೊತ್ತಿನಲ್ಲಿ ಈ ಮಾತು ತೆಗೆದೆ. ಗೌರಿಬಿದನೂರಿನ ಟೀಚರೊಬ್ಬರು ನಕ್ಕರು. ಅವರು ಸೋದರಮಾವನ ಮಗನನ್ನೇ ಮದುವೆಯಾದವರು. "ಹುಟ್ಟಿದಾಗಿನಿಂದ ಅತ್ತೆ ಅತ್ತೆ ಅಂತಿದ್ದೆ. ಮದುವೆಯಾದ ಮೇಲೂ ಅದೇ ಅತ್ತೆ. ನಾಲಿಗೆ ತಿರುಗಿಸೋ ಕಷ್ಟವೇ ಬರಲಿಲ್ಲ" ಎಂದರು. ನನಗೆ ನನ್ನ ಮದುವೆಯ ಮೊದಲ ತಿಂಗಳು ನೆನಪಾಯಿತು. ಫುಪ್ಪು ಎಂದು ಕರೆಯುತ್ತಿದ್ದವರನ್ನೇ ಅಮ್ಮಿಜಾನ್ ಎನ್ನಲು ಎಷ್ಟು ತಡವರಿಸಿದ್ದೆ!

ಮನೆಯೊಳಗೇ ಹೆಣ್ಣು ತರುವುದಕ್ಕೆ ಭಾಷೆಯೊಂದೇ ಕಾರಣವಲ್ಲ. ಆಸ್ತಿ ಒಡೆಯುವುದಿಲ್ಲ, ಕೊಡುಕೊಳ್ಳುವ ಭಾರ ಕಡಿಮೆ. ನಮ್ಮ ನೂಲು ತೆಗೆಯುವ ಮನೆಗಳಲ್ಲಿ ಇನ್ನೊಂದು ಸೇರುತ್ತದೆ. ಬಿಸಿನೀರಿನಲ್ಲಿ ಬೆಂದ ಹುಳುವಿನ ವಾಸನೆ ಹೊರಗಿನ ಹುಡುಗಿಗೆ ತಡೆಯುವುದಿಲ್ಲ, ನಮ್ಮ ಹುಡುಗಿಗಾದರೆ ಅದು ತವರಿನ ವಾಸನೆ ಎನ್ನುತ್ತಿದ್ದರು ಅಮ್ಮಿ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು ಸಹೋದರಿಯರೇ. ಭಾಷೆ ಮಾಡುವ ಭೇದವನ್ನು ರಕ್ತ ಮಾಡುವುದಿಲ್ಲ. ಮಾವನ ಮಗಳಾಗಲಿ ಖಾಲಾ ಮಗನಾಗಲಿ, ಇಬ್ಬರಲ್ಲಿ ಸಮಾನವಾಗಿರುವ ವಂಶವಾಹಿ ಎಂಟರಲ್ಲೊಂದು ಪಾಲು. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಅದು ನಾಲ್ಕರಲ್ಲೊಂದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ ತಾಯಂದಿರನ್ನು ವಿಚಾರಿಸಿ ನಡೆಸಿದ ದೊಡ್ಡ ಅಧ್ಯಯನದಲ್ಲಿ ಮೂರರಲ್ಲೊಂದರಷ್ಟು ಮದುವೆಗಳು ರಕ್ತಸಂಬಂಧದವು ಎಂದು ಕಂಡಿತ್ತು. ಮನೆತನದಲ್ಲಿ ಹುಟ್ಟುಕಿವುಡೋ ತಲಸ್ಸೇಮಿಯಾದಂಥ ರಕ್ತದ ಕಾಯಿಲೆಯೋ ಇದ್ದರೆ ನಿಕಾಹ್‌ಗೆ ಮೊದಲೇ ವೈದ್ಯರ ಹತ್ತಿರ ಮಾತನಾಡುವುದರಲ್ಲಿ ನಾಚಿಕೆಯೇನಿಲ್ಲ. ಎರಡೂ ಮನೆಯವರಿಗೆ ಈ ಮಾತು ಒಂದೇ.

ಆದರೆ ನಮ್ಮ ಮನೆಯ ಪ್ರಶ್ನೆಯನ್ನು ತೀರಿಸಿದ್ದು ವೈದ್ಯರಲ್ಲ. ಇಷ್ಟೆಲ್ಲ ಗಲಾಟೆಯಾದ ಮೇಲೆ ಮಗಳನ್ನು ಕೂರಿಸಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಮ್ಮೀ, ಅವನನ್ನ ಭಾಯಿ ಅಂತ ಕರೆದು ಬೆಳೆದಿದ್ದೀನಿ. ನಿಮಗೆ ಭಾಯಿ ಅಂದರೆ ಬರೀ ಕರೆಯೋ ಹೆಸರು. ನನಗೆ ಅಣ್ಣಾನೇ ಅನಿಸುತ್ತೆ" ಎಂದಳು. ಪಕ್ಕದ ಮನೆಯ ಅಂಗಳದಲ್ಲಿ ಆಡಿ, ತೆಲುಗು ಮಾತಾಡುವ ಗೆಳತಿಯರ ಜೊತೆ ಓದಿ ಬೆಳೆದ ಹುಡುಗಿ. ನಾವು ಕಲಿಸಿದ ಪದದೊಳಗೆ ಅವರ ಅರ್ಥ ಬಂದು ಕುಳಿತಿತ್ತು.

ಅಕ್ಕನಿಗೆ ಫೋನ್ ಮಾಡಿ ಬೇಡ ಎಂದೆ. "ಅಲ್ಲಾಹನು ಹಲಾಲ್ ಮಾಡಿದ್ದನ್ನ ನೀನು ಹರಾಮ್ ಮಾಡ್ತೀಯಾ, ಮದ್ರಸ ಓದಿದವಳು?" ಎಂದು ಕೇಳಿದಳು. ಹಲಾಲ್ ಆದದ್ದೆಲ್ಲ ಫರ್ಝ್ ಅಲ್ಲವಲ್ಲ, ಹುಡುಗಿಯ ಒಪ್ಪಿಗೆಯಿಲ್ಲದೆ ನಿಕಾಹ್ ಹೇಗೆ ಎಂದೆ. ಲಕ್ಷದ್ವೀಪದ ಕಲ್ಪೇನಿಯ ಮುಸ್ಲಿಮರ ಬಗ್ಗೆ ಲೀಲಾ ದುಬೆ 1969ರಲ್ಲಿ ಬರೆದ ಪುಸ್ತಕದ ವಿಷಯವನ್ನೂ ಹೇಳಲು ನೋಡಿದೆ. ಅಲ್ಲಿ ಮಕ್ಕಳು ತಾಯಿಯ ತರವಾಡಿಗೆ ಸೇರಿದವರು. ಅಕ್ಕತಂಗಿಯರ ಮಕ್ಕಳು ಒಂದೇ ತರವಾಡಿನವರಾದ್ದರಿಂದ ಅವರಲ್ಲಿ ಮದುವೆಯಿಲ್ಲ. ಅವರೂ ನಮಾಝ್ ಮಾಡುವವರೇ, ಶರೀಅತ್ ಒಪ್ಪಿದವರೇ. ಅಕ್ಕ ಅಷ್ಟು ಕೇಳುವ ಮೊದಲೇ ಫೋನ್ ಇಟ್ಟಿದ್ದಳು. ಈಗಲೂ ಹಬ್ಬಕ್ಕೆ ಸಲಾಮ್ ಹೇಳುತ್ತಾಳೆ, ಅಷ್ಟೇ. ಅದು ನನಗೆ ನೋವಿನ ಸಂಗತಿ.

ಮೂರು ವಾರದ ಮೇಲೆ ಪಕ್ಕದ ಮನೆಯ ಅಕ್ಕ ಮಡಿಲು ತುಂಬ ಅವರೆಕಾಯಿ ತಂದು ನಮ್ಮ ಜಗಲಿಯ ಮೇಲೆ ಸುರಿದು ಕೂತರು. ಸುಲಿಯುತ್ತಾ ಸುಲಿಯುತ್ತಾ, "ಟೀಚರಮ್ಮ, ನಿಮ್ಮ ಅಕ್ಕನ ಗಂಡನನ್ನ ನಿಮ್ಮ ಮಗಳು ಏನಂತ ಕರೀತಾಳೆ?" ಎಂದರು.

"ಖಾಲು."

"ನಮ್ಮಲ್ಲಿ ದೊಡ್ಡಪ್ಪ. ಅಪ್ಪ ಅದರಲ್ಲೇ ಇದಾನಲ್ಲ. ಅದಕ್ಕೇ ಅವತ್ತು ನನಗೆ ಹಾಗೆ ಬಾಯಿಗೆ ಬಂತು."

ಒಳಗಿನಿಂದ ಅಮ್ಮಿ ಬಂದರು. ಏನು ಹೇಳಿಬಿಡುತ್ತಾರೋ ಎಂದು ನನಗೆ ಭಯ. ಅವರು ಮೊರ ಎಳೆದುಕೊಂಡು ಎದುರಿಗೆ ಕೂತು, "ನಿನ್ನ ಮೊಮ್ಮಗಳಿಗೆ ಹಲ್ಲು ಬಂತಾ?" ಎಂದು ಕೇಳಿದರು.