ಸದ್ದಿಗಿಂತ ಮೊದಲು ಟೈರು ನೋಡಿ

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಪೋರ್ಷೆ ಕರೆರಾ ಜಿಟಿ ಕಾರೊಂದು ಕಂಬಕ್ಕೂ ಮರಗಳಿಗೂ ಅಪ್ಪಳಿಸಿ ಹೊತ್ತಿ ಉರಿಯಿತು. ‘ಫಾಸ್ಟ್ ಅಂಡ್ ಫ್ಯೂರಿಯಸ್’ ಚಿತ್ರಗಳ ನಟ ಪಾಲ್ ವಾಕರ್, ಕಾರು ಓಡಿಸುತ್ತಿದ್ದ ಅವರ ಗೆಳೆಯ, ಇಬ್ಬರೂ ತೀರಿಕೊಂಡರು. ಗಂಟೆಗೆ 72 ಕಿ.ಮೀ. ಮಿತಿಯ ರಸ್ತೆಯಲ್ಲಿ ಕಾರು 130ರಿಂದ 150 ಕಿ.ಮೀ. ವೇಗದಲ್ಲಿತ್ತು. ದುರಂತಕ್ಕೆ ಅತಿವೇಗವೇ ಕಾರಣ ಎಂದಿತು ತನಿಖೆ. ತನಿಖೆಯಲ್ಲಿ ಹೊರಬಂದ ಇನ್ನೊಂದು ಸಂಗತಿ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿಯಲಿಲ್ಲ: 600ಕ್ಕೂ ಹೆಚ್ಚು ಅಶ್ವಶಕ್ತಿಯ ಆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು.

ಸ್ಪೋರ್ಟ್ಸ್ ಕಾರಿನ ಆರೈಕೆಯ ಮಾತು ಅಲ್ಲಿಂದಲೇ ಶುರುವಾಗಬೇಕು. ಬೆಂಗಳೂರಿನಲ್ಲಿ ಇಂಥ ಕಾರುಗಳು ಈಗ ಅಪರೂಪವೇನಲ್ಲ. ಸೆರಾಮಿಕ್ ಕೋಟಿಂಗ್, ಹೊಸ ಅಲಾಯ್ ವೀಲ್, ಗುಡುಗುವ ಎಕ್ಸಾಸ್ಟ್ ಎಂದರೆ ಲಕ್ಷಗಟ್ಟಲೆ ಸುರಿಯುವ ಉತ್ಸಾಹ, ಕಣ್ಣಿಗೆ ಬೀಳದ ಭಾಗಗಳ ವಿಷಯಕ್ಕೆ ಬಂದಾಗ ಎಷ್ಟೋ ಸಲ ಇಳಿದುಹೋಗುತ್ತದೆ.

ಟೈರಿನ ಬದಿಯಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಇಂಥ ಕಾರುಗಳು ವರ್ಷವಿಡೀ ಓಡುವುದೇ ಕಡಿಮೆಯಾದ್ದರಿಂದ ಗ್ರೂವ್ ಸವೆದಿರುವುದಿಲ್ಲ, ರಬ್ಬರ್ ಮಾತ್ರ ಒಳಗೊಳಗೇ ಗಡುಸಾಗುತ್ತಾ ಹೋಗುತ್ತದೆ. ಹೊಸದರಂತೆ ಕಾಣುವ ಟೈರು ಮಳೆಯಲ್ಲಿ ಹಿಡಿತ ಕೊಡುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ಆಯಿಲ್‌ಗೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ನಂದಿಬೆಟ್ಟದ ತಿರುವುಗಳಲ್ಲಿ ಬ್ರೇಕ್ ಮೇಲೆ ಬ್ರೇಕ್ ಒತ್ತುತ್ತಾ ಇಳಿಯುವಾಗ ಹಳೆಯ ಆಯಿಲ್ ಕುದ್ದು ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಅನೇಕ ಕಂಪನಿಗಳು ಹೇಳುವುದು ಇದಕ್ಕೇ.

ಹೊಳಪು ಬೇಡವೆಂದಲ್ಲ. ಅದಕ್ಕೂ ತಾಳ್ಮೆ ಬೇಕು. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸಿನ ಪದರ. ಧೂಳು ಕೂತಿರುವಾಗಲೇ ಒಣಬಟ್ಟೆಯಿಂದ ಒರೆಸಿದರೆ ಸುರುಳಿ ಸುರುಳಿ ಗೀರು ಬೀಳುತ್ತವೆ. ಅವನ್ನು ತೆಗೆಯಲು ಹೊಡೆಸುವ ಪ್ರತಿ ಪಾಲಿಶ್‌ಗೂ ಪದರ ಇನ್ನಷ್ಟು ತೆಳುವಾಗುತ್ತದೆ. ಕೆಲಸ ಬಲ್ಲ ಡಿಟೇಲರ್ ಎರಡು ಬಕೆಟ್ ಇಟ್ಟುಕೊಳ್ಳುತ್ತಾನೆ, ಒಂದು ಶಾಂಪೂ ನೀರಿಗೆ, ಇನ್ನೊಂದು ಒರೆಸುವ ಮಿಟ್‌ನಿಂದ ಮಣ್ಣು ಜಾಲಿಸಲು. ಪದರದ ದಪ್ಪವನ್ನು ಮೀಟರ್ ಇಟ್ಟು ಅಳೆದ ಮೇಲೆಯೇ ಪಾಲಿಶ್ ಮಷೀನಿಗೆ ಕೈ ಹಾಕುತ್ತಾನೆ.

ಅಳೆದು ಕೈ ಹಾಕುವ ಈ ಶಿಸ್ತು ಮಾಡಿಫಿಕೇಶನ್‌ಗೂ ಬೇಕು. ಜರ್ಮನಿಯ ರೂಫ್ ಸಂಸ್ಥೆ ಪೋರ್ಷೆ 911ರ ಆಧಾರದ ಮೇಲೆ ಕಟ್ಟಿದ ಹಳದಿ ಸಿಟಿಆರ್ ಕಾರು 1987ರಲ್ಲಿ ಗಂಟೆಗೆ 339 ಕಿ.ಮೀ. ಮುಟ್ಟಿತು. ಎಂಜಿನ್ನಿನ ಬಲ ಹೆಚ್ಚಿಸಿದವರು ಬ್ರೇಕ್, ಸಸ್ಪೆನ್ಷನ್‌ಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಿದ್ದರು. ಆ ದೇಶದಲ್ಲಿ ಮಾಲೀಕ ಸಸ್ಪೆನ್ಷನ್ ಸ್ಪ್ರಿಂಗ್ ಬದಲಿಸಿದರೂ ಟಿಯುವಿಯಂಥ ಸಂಸ್ಥೆಯ ತಜ್ಞ ಪರೀಕ್ಷಿಸಿ ಒಪ್ಪಬೇಕು.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಎಂದಾಯಿತು. ನಡುರಾತ್ರಿ ಬೀದಿಯನ್ನೆಲ್ಲ ಎಬ್ಬಿಸುವ ಸೈಲೆನ್ಸರ್‌ಗೆ ಈ ಕಾನೂನು ತಕ್ಕದ್ದೇ. ಆದರೆ ಬ್ರೇಕ್, ಸಸ್ಪೆನ್ಷನ್ ಸುಧಾರಿಸುವವರ ಕೆಲಸವನ್ನು ಪರೀಕ್ಷಿಸಿ ಮುದ್ರೆ ಒತ್ತುವ ಜರ್ಮನಿಯಂಥ ವ್ಯವಸ್ಥೆ ಇಲ್ಲಿ ಬೆಳೆದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ರೂಪಿಸಬೇಕು. ಅಲ್ಲಿಯವರೆಗೆ, ಇಂಥ ಕಾರುಗಳ ಪಾಲಿಸಿ ನವೀಕರಿಸುವಾಗ ವಿಮಾ ಕಂಪನಿಗಳು ಟೈರಿನ ಆ ನಾಲ್ಕು ಅಂಕಿಗಳ ಫೋಟೊವನ್ನೂ ಬ್ರೇಕ್ ಆಯಿಲ್ ಬದಲಿಸಿದ ಬಿಲ್ಲನ್ನೂ ಕೇಳಲಿ.