ಮನಸ್ಸಿನ ಬಾಗಿಲಿಗೆ ಪೊಲೀಸರ ಕೀಲಿಕೈ?

ದೊಡ್ಡ ಅಪರಾಧ ಪ್ರಕರಣವೊಂದು ಬೆಳಕಿಗೆ ಬಂದಾಗಲೆಲ್ಲ ತಪ್ಪದೆ ಕೇಳಿಬರುವ ಬೇಡಿಕೆಯೊಂದಿದೆ: ಆರೋಪಿಯನ್ನು ಮಂಪರು ಪರೀಕ್ಷೆಗೆ ಒಳಪಡಿಸಿ, ಸತ್ಯ ತಾನಾಗಿ ಹೊರಬರುತ್ತದೆ. ರಾಜಕಾರಣಿಗಳು ಪರಸ್ಪರ ಸವಾಲು ಹಾಕಿಕೊಳ್ಳುವಾಗಲೂ ಇದೇ ಮಾತು. ಮೇಲುನೋಟಕ್ಕೆ ನ್ಯಾಯಸಮ್ಮತವೆಂದೇ ತೋರುವ ಈ ಬೇಡಿಕೆಯ ಹಿಂದೆ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ಕಾನೂನಿನ ಬಲದಿಂದ ಸರ್ಕಾರ ಒಬ್ಬ ವ್ಯಕ್ತಿಯ ಮನೆಯನ್ನು ಶೋಧಿಸಬಹುದು, ಅವನನ್ನು ಬಂಧಿಸಬಹುದು, ಬೆರಳಚ್ಚು ಪಡೆಯಬಹುದು. ಆದರೆ ಅವನ ಮನಸ್ಸಿನೊಳಗೂ ಕೈಹಾಕಬಹುದೇ?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರ ನೀಡಿದ್ದು ಕರ್ನಾಟಕದಿಂದ ಹೊರಟ ಪ್ರಕರಣದಲ್ಲಿ ಎಂಬುದು ಗಮನಾರ್ಹ. ಹಾಗಾಗಲು ಕಾರಣವೂ ಇತ್ತು. 2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಸೋಡಿಯಂ ಪೆಂಟೋಥಾಲ್ ಎಂಬ ಅರಿವಳಿಕೆ ಔಷಧವನ್ನು ರಕ್ತನಾಳಕ್ಕೆ ಹನಿಹನಿಯಾಗಿ ಸೇರಿಸಿ, ಎಚ್ಚರಕ್ಕೂ ನಿದ್ರೆಗೂ ನಡುವಿನ ಸ್ಥಿತಿಯಲ್ಲಿ ಆರೋಪಿಯಿಂದ ಮಾತು ಹೊರಡಿಸುವುದು ಇದರ ವಿಧಾನ. ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯೂ ಇಂತಹ ಪರೀಕ್ಷೆಗೆ ಒಳಗಾದವನೇ. ಮಂಪರಿನಲ್ಲಿ ಅವನು ಆಡಿದ ಮಾತುಗಳ ದೃಶ್ಯಾವಳಿ ಟಿವಿ ವಾಹಿನಿಗಳಲ್ಲಿ ಪ್ರಸಾರವಾದಾಗ ನಾಡೇ ಕಣ್ಣರಳಿಸಿ ನೋಡಿತು. ತನಿಖಾ ಕೊಠಡಿಯೊಳಗೆ ಇರಬೇಕಾದ ವಿಷಯ ಮನೆಮನೆಗೆ ಹೇಗೆ ತಲುಪಿತು ಎಂದು ಕೇಳಿದವರು ಕಡಿಮೆ.

ಇಂತಹ ಪರೀಕ್ಷೆಗಳನ್ನು ಪ್ರಶ್ನಿಸಿದ ಹಲವು ಮೇಲ್ಮನವಿಗಳನ್ನು ಒಟ್ಟಾಗಿ ಆಲಿಸಿದ ಸುಪ್ರೀಂ ಕೋರ್ಟ್, 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ತೀರ್ಪು ನೀಡಿತು. ಆಗಿನ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದ ಮೂವರ ಪೀಠ ಹೇಳಿದ್ದು ಸ್ಪಷ್ಟ: ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಇವುಗಳಲ್ಲಿ ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ. ಒಪ್ಪಿಗೆ ಇದ್ದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಆನಂತರ ಪತ್ತೆಯಾದ ವಸ್ತು ಅಥವಾ ಸಂಗತಿಯನ್ನು ಮಾತ್ರ ಕಾನೂನು ಪ್ರಕಾರ ಪರಿಗಣಿಸಬಹುದು.

ಈ ತೀರ್ಪಿಗೆ ಆಧಾರವಾದದ್ದು ಸಂವಿಧಾನದ ಎರಡು ವಿಧಿಗಳು. ಅಪರಾಧದ ಆರೋಪ ಹೊತ್ತ ಯಾರನ್ನೂ ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದು ಎನ್ನುವುದು 20(3)ನೇ ವಿಧಿ. ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವುದು 21ನೇ ವಿಧಿ. ಹಾಗೆಂದು ಆರೋಪಿಯಿಂದ ಏನನ್ನೂ ಪಡೆಯಬಾರದು ಎಂದಲ್ಲ. ಬೆರಳಚ್ಚು, ಕೈಬರಹದ ಮಾದರಿ ಪಡೆಯುವುದು ಸ್ವಸಾಕ್ಷ್ಯದ ಬಲವಂತವಾಗದು ಎಂದು 1961ರಲ್ಲಿಯೇ 11 ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತ್ತು. ಧ್ವನಿ ಮಾದರಿ ನೀಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಎಳೆದಿರುವ ಗೆರೆ ಇದು: ದೇಹದ ಗುರುತುಗಳನ್ನು ಸರ್ಕಾರ ಪಡೆಯಬಹುದು, ಮನಸ್ಸಿನ ಅರಿವನ್ನು ಬಲವಂತವಾಗಿ ಕಸಿಯುವಂತಿಲ್ಲ.

ಇದಕ್ಕೆ ಆಕ್ಷೇಪವೂ ಇದೆ. ಕೊಲೆಗಾರನ ಹಕ್ಕಿಗೆ ಇಷ್ಟು ಬೆಲೆ ಕೊಟ್ಟರೆ ಕೊಲೆಯಾದವನ ಕುಟುಂಬಕ್ಕೆ ನ್ಯಾಯ ಕೊಡುವವರಾರು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಮಂಪರಿನಲ್ಲಿ ಬರುವುದೆಲ್ಲ ಸತ್ಯವಲ್ಲ. ಆ ಸ್ಥಿತಿಯಲ್ಲಿರುವ ವ್ಯಕ್ತಿ ಪ್ರಶ್ನಿಸುವವರ ಸೂಚನೆಗೆ ಸುಲಭವಾಗಿ ಒಳಗಾಗುತ್ತಾನೆ. ಕಂಡದ್ದು, ಕೇಳಿದ್ದು, ಕಲ್ಪಿಸಿಕೊಂಡದ್ದು ಎಲ್ಲವೂ ಬೆರೆತುಹೋಗುತ್ತದೆ. 2008ರಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಬ್ರೈನ್ ಮ್ಯಾಪಿಂಗ್ ವರದಿಯನ್ನೂ ಅವಲಂಬಿಸಿ ಜೀವಾವಧಿ ಶಿಕ್ಷೆ ವಿಧಿಸಿದಾಗ ವಿದೇಶಗಳ ವಿಜ್ಞಾನಿಗಳೂ ಅಚ್ಚರಿಪಟ್ಟಿದ್ದರು. ಅಡ್ಡದಾರಿಯಲ್ಲಿ ಸಿಕ್ಕ ಉತ್ತರದಿಂದ ನಿರಪರಾಧಿ ಜೈಲು ಸೇರಿದರೆ, ನಿಜವಾದ ಅಪರಾಧಿ ಹೊರಗೇ ಉಳಿಯುತ್ತಾನೆ. ಆಗ ಮೃತನ ಕುಟುಂಬಕ್ಕೂ ನ್ಯಾಯ ಸಿಕ್ಕಂತಾಗುವುದಿಲ್ಲ.

ತೀರ್ಪು ಬಂದು 15 ವರ್ಷ ಕಳೆದರೂ ಪಾಠ ಪೂರ್ತಿ ಮನನವಾಗಿಲ್ಲ. ಜಾಮೀನು ಅರ್ಜಿಯ ವಿಚಾರಣೆಯ ವೇಳೆ ಆರೋಪಿಗಳೆಲ್ಲರನ್ನೂ ಮಂಪರು ಪರೀಕ್ಷೆಗೆ ಒಳಪಡಿಸುವ ತನಿಖಾಧಿಕಾರಿಯ ಪ್ರಸ್ತಾಪವನ್ನು ಪಟ್ನಾ ಹೈಕೋರ್ಟ್ ಒಪ್ಪಿಕೊಂಡಿತ್ತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಸೆಲ್ವಿ ಪ್ರಕರಣದ ನಿಯಮವನ್ನು ಮತ್ತೊಮ್ಮೆ ನೆನಪಿಸಬೇಕಾಯಿತು.

ಆದರೆ ಇಂದಿನ ನಿಜವಾದ ಸಮಸ್ಯೆ ಸೂಜಿ ಮದ್ದಿನದಲ್ಲ. ಅದು ಪ್ರತಿಯೊಬ್ಬರ ಜೇಬಿನಲ್ಲಿದೆ. ಪತ್ರ, ಫೋಟೊ, ಬ್ಯಾಂಕ್ ವ್ಯವಹಾರ, ವೈದ್ಯರ ಚೀಟಿ, ಆಪ್ತರೊಡನೆ ಆಡಿದ ಮಾತು ಎಲ್ಲವನ್ನೂ ತುಂಬಿಕೊಂಡಿರುವ ಮೊಬೈಲ್ ಫೋನ್, ಮನುಷ್ಯನ ಎರಡನೇ ಮನಸ್ಸೇ ಆಗಿಬಿಟ್ಟಿದೆ. ಅದರ ಪಾಸ್‌ವರ್ಡ್ ಹೇಳೆಂದು ಪೊಲೀಸರು ಬಲವಂತಪಡಿಸಬಹುದೇ?

ಈ ಪ್ರಶ್ನೆ ಬೆಂಗಳೂರಿನಲ್ಲೂ ಎದ್ದಿತು. 2020ರಲ್ಲಿ ಬೆಳಕಿಗೆ ಬಂದ, ಕನ್ನಡ ಚಿತ್ರರಂಗದ ಹೆಸರೂ ಕೇಳಿಬಂದ ಮಾದಕ ವಸ್ತು ಪ್ರಕರಣದಲ್ಲಿ, 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ನೀಡಿತು. ಒಪ್ಪಿಗೆಯಿಲ್ಲದ ಸುಳ್ಳುಪತ್ತೆ ಪರೀಕ್ಷೆಗೆ ಅನುಮತಿಸಿದ್ದ ಆದೇಶವನ್ನು ರದ್ದುಪಡಿಸಿದ ನ್ಯಾಯಾಲಯ, ಪಾಸ್‌ವರ್ಡ್ ಕೊಡುವಂತೆ ನಿರ್ದೇಶಿಸುವುದು ಮಾತ್ರ ಸ್ವಸಾಕ್ಷ್ಯದ ಬಲವಂತವಾಗದು ಎಂದಿತು. ಆದರೆ ಫೋನ್ ಶೋಧಕ್ಕೆ ನ್ಯಾಯಾಲಯದ ವಾರಂಟ್ ಬೇಕು, ತುರ್ತು ಸಂದರ್ಭವಿದ್ದರೆ ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು ಎಂಬ ಷರತ್ತುಗಳನ್ನೂ ವಿಧಿಸಿತು. 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಇದಕ್ಕೆ ವಿರುದ್ಧವಾದ ನಿಲುವು ತಳೆದು, ಪಾಸ್‌ವರ್ಡ್ ವ್ಯಕ್ತಿಯ ಅರಿವಿಗೆ ಸೇರಿದ್ದು, ಅದನ್ನು ಹೇಳೆಂದು ಆರೋಪಿಯನ್ನು ಬಲವಂತಪಡಿಸುವಂತಿಲ್ಲ ಎಂದಿತು.

ಬೆರಳಚ್ಚು ಬೆರಳಿನಲ್ಲಿದೆ, ಪಾಸ್‌ವರ್ಡ್ ಇರುವುದು ನೆನಪಿನಲ್ಲಿ. ಆ ದೃಷ್ಟಿಯಿಂದ ಅದು ಮನಸ್ಸಿನ ಕಡೆಗೇ ಸೇರುತ್ತದೆ ಎನ್ನುವ ವಾದದಲ್ಲಿ ಹುರುಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಸಾರಿದ್ದೂ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ದಿವಂಗತ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲೇ. ಆ ಹಕ್ಕನ್ನು ಮೊಟಕುಗೊಳಿಸಲು ಕಾನೂನು ಇರಬೇಕು, ನ್ಯಾಯಸಮ್ಮತ ಉದ್ದೇಶ ಇರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲನ್ನೂ ಆ ತೀರ್ಪು ನೀಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಶೋಧ ಮತ್ತು ಜಪ್ತಿಯ ಚಿತ್ರೀಕರಣವನ್ನು ಕಡ್ಡಾಯಗೊಳಿಸಿರುವುದು ಸ್ವಾಗತಾರ್ಹವೇ. ಆದರೆ ಸಂವಹನ ಸಾಧನಗಳನ್ನು ಹಾಜರುಪಡಿಸುವಂತೆ ಕೇಳುವ ಅಧಿಕಾರವನ್ನು ಸ್ಪಷ್ಟ ಮಾತುಗಳಲ್ಲಿ ಕೊಟ್ಟಷ್ಟೇ ಸ್ಪಷ್ಟವಾಗಿ, ಅವುಗಳೊಳಗೆ ಎಷ್ಟು ದೂರ ಇಣುಕಬಹುದು ಎಂಬ ಮಿತಿಯನ್ನು ಅದು ಹೇಳಿಲ್ಲ.

ಈ ಮಿತಿಯನ್ನು ಶಾಸನವೇ ನಿಗದಿಪಡಿಸಬೇಕು. ಯಾವ ಅಪರಾಧಕ್ಕೆ, ಯಾರ ಆದೇಶದ ಮೇರೆಗೆ, ಫೋನಿನ ಯಾವ ಭಾಗವನ್ನು, ಎಷ್ಟು ಕಾಲ ನೋಡಬಹುದು ಎಂಬುದು ಠಾಣಾಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯವಾಗಬಾರದು. ಇಲ್ಲವಾದರೆ ಬೇಲಿಯೇ ಎದ್ದು ಹೊಲ ಮೇಯುವುದನ್ನು ತಡೆಯುವವರಿಲ್ಲ. ಮಂಪರು ಪರೀಕ್ಷೆಗೆ ಗಡಿ ಹಾಕುವಷ್ಟರಲ್ಲಿ ಅದೆಷ್ಟೋ ಮಂದಿ ಬಲವಂತದ ಸೂಜಿಗೆ ಕೈಯೊಡ್ಡಬೇಕಾಗಿ ಬಂದಿತ್ತು. ಫೋನಿನ ವಿಷಯದಲ್ಲೂ ಅಷ್ಟೇ ವರ್ಷ ಕಾಯಬೇಕೇ?