ಮೇಷ್ಟ್ರಿಗೆ ಬರುವುದಿಲ್ಲ ಎಂಬ ಮಾತು

ನಮ್ಮಂಥ ಹಳ್ಳಿಶಾಲೆಯ ಮೇಷ್ಟ್ರುಗಳಿಗೆ ಆನ್‌ಲೈನ್ ಪಾಠ, ಆ್ಯಪು, ಲ್ಯಾಪ್‌ಟಾಪು ಇವೆಲ್ಲ ತಲೆಗೆ ಹತ್ತುವುದಿಲ್ಲ ಎಂಬ ಮಾತು ಈಗ ಗಾದೆಯ ಹಾಗೆ ಚಲಾವಣೆಯಲ್ಲಿದೆ. ತರಬೇತಿ ಕೊಡಲು ಬಂದವರು ಹೇಳುತ್ತಾರೆ, ಪತ್ರಿಕೆಗಳಲ್ಲಿ ಬರೆಯುವವರು ಹೇಳುತ್ತಾರೆ, ಈಚೆಗೆ ನಮ್ಮ ಮನೆಯ ಮಕ್ಕಳೂ ಹೇಳತೊಡಗಿದ್ದಾರೆ. ಇದು ಶುದ್ಧ ಸುಳ್ಳು.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ್ದನ್ನು ನೆನಪಿಸಿಕೊಳ್ಳಿ. ಆಗ ನಮಗೆ ಕಲಿಸಲು ಯಾರೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ನಾವೇ ವಾಟ್ಸಾಪ್ ಗುಂಪು ಕಟ್ಟಿದೆವು. ಅಕ್ಕಿ ಡಬ್ಬದ ಮೇಲೆ ಮೊಬೈಲು ನಿಲ್ಲಿಸಿ ಪಾಠ ಚಿತ್ರೀಕರಿಸಿದೆವು. ಆಗಸ್ಟಿನಲ್ಲಿ ವಿದ್ಯಾಗಮ ಬಂದಾಗ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಇಂಟರ್ನೆಟ್ ಇರುವ ಮೊಬೈಲಿನವರು, ಬರಿಯ ಮೊಬೈಲಿನವರು, ಎರಡೂ ಇಲ್ಲದವರು. ಮೂರನೆಯ ಗುಂಪಿಗೆ ಗುಡಿಯ ಜಗಲಿಯೇ ಶಾಲೆ. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಯಾವ ಮಗುವಿಗೆ ಯಾವ ಸಾಧನ ಎಂಬುದನ್ನು ಆ ಎರಡು ತಿಂಗಳು ನನಗೆ ಕಲಿಸಿದಷ್ಟು ಯಾವ ಪ್ರಮಾಣಪತ್ರವೂ ಕಲಿಸಿಲ್ಲ.

ಪ್ರಮಾಣಪತ್ರಗಳಿಗೇನೂ ಬರವಿಲ್ಲ. ವಿಡಿಯೋ ಹಾಕಿಟ್ಟು ಅಡಿಗೆ ಮುಗಿಸಿಕೊಂಡು ಬಂದರೂ ಅದು ಓಡಿ ಮುಗಿದಿರುತ್ತದೆ. ಕೊನೆಯ ಪ್ರಶ್ನೆಗೆ ಉತ್ತರ ತಪ್ಪಾದರೆ ಮತ್ತೆ ಒತ್ತಿ, ಇನ್ನೂ ತಪ್ಪಾದರೆ ಮತ್ತೆ. ‘ನೂರಕ್ಕೆ ನೂರು ಶಿಕ್ಷಕರು ಪೂರೈಸಿದ್ದಾರೆ’ ಎಂದು ಮೇಲಕ್ಕೆ ವರದಿ ಹೋಗುತ್ತದೆ. ನಾನು ಗಣಿತದವನು. ನಾನು ಕೂತ ಇಂಥ ತರಬೇತಿಗಳಲ್ಲಿ ಭಿನ್ನರಾಶಿಯ ಮಾತೆತ್ತಿದವರನ್ನು ಕಾಣೆ. ಲಾಗಿನ್ ಆಗುವುದು ಹೇಗೆ ಎಂಬುದೇ ಅಲ್ಲಿ ಪಾಠ, ಲಾಗಿನ್ ಆದದ್ದೇ ಫಲಿತಾಂಶ!

ನಿಜವಾಗಿ ಕಲಿತದ್ದು ಬೇರೆ ಕಡೆ. ಪಕ್ಕದ ಊರಿನ ಶಾಲೆಯ ಗಣಿತದ ಮೇಡಂ ಒಬ್ಬರು ಒಂದು ಭಾನುವಾರ ತಮ್ಮ ಲ್ಯಾಪ್‌ಟಾಪಿನಲ್ಲಿ ಜಿಯೋಜಿಬ್ರಾ ತೋರಿಸಿದರು. 2001ರಲ್ಲಿ ಹುಟ್ಟಿದ ತಂತ್ರಾಂಶ ಅದು. ನಮ್ಮಂಥ ಶಾಲೆಗಳು ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ಒಂದು ತ್ರಿಭುಜ ಬರೆದು ಅದರ ಮೂಲೆ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಿಂದ ಅಲುಗುವುದಿಲ್ಲ. ಏಳನೆಯ ತರಗತಿಯಲ್ಲಿ ಇದನ್ನು ಮಾಡುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಸಾರ್, ಮೂಲೆಯನ್ನು ಎಳೆದು ಎದುರುಗಡೆ ಗೆರೆ ಮೇಲೆ ಕೂರಿಸಿದರೆ?” ಎಂದಳು. ಎಳೆದು ನೋಡಿದೆವು. ಎರಡು ಕೋನ ಸೊನ್ನೆಗೆ ಇಳಿಯಿತು, ಒಂದು 180ಕ್ಕೆ ಏರಿತು. “ಹಾಗಾದರೆ ಇದು ಈಗಲೂ ತ್ರಿಭುಜವೇನು?” ಎಂದು ತರಗತಿಯೇ ಎರಡು ಪಕ್ಷವಾಗಿ ಜಗಳಕ್ಕೆ ನಿಂತಿತು. ಇಷ್ಟು ವರ್ಷ ಕರಿಹಲಗೆಯ ಮುಂದೆ ನಿಂತವನು ನಾನು. ಈ ಪ್ರಶ್ನೆ ನನ್ನ ಬಳಿ ಬಂದಿರಲಿಲ್ಲ. ಹಲಗೆಯ ಮೇಲಿನ ತ್ರಿಭುಜವನ್ನು ಎಳೆಯಲಾಗುವುದಿಲ್ಲವಲ್ಲ.

ಇನ್ನು ಕನ್ನಡದ ಪಾಡು. ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಲ್ಲಿವೆ. ಅವನ್ನು ಗೂಗಲ್ ಫಾರ್ಮಿಗೆ ತಂದರೆ ಪೆಟ್ಟಿಗೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಕಾಣುತ್ತದೆ. ಅಲ್ಲಿ ನಡೆಯುವುದು ಯೂನಿಕೋಡ್. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಎರಡು ನಿಮಿಷದ ಕೆಲಸ. ಈ ಎರಡು ನಿಮಿಷದ ವಿದ್ಯೆಯನ್ನು ಹೇಳಿಕೊಡದೆ, ಇಂಗ್ಲಿಷ್ ಸ್ಲೈಡುಗಳನ್ನು ಇಂಗ್ಲಿಷಿನಲ್ಲೇ ಓದಿ ಹೇಳಿದ ಮಹಾಶಯರೊಬ್ಬರು ಊಟದ ಹೊತ್ತಿಗೆ, “ಹಳೆಯ ಕಾಲದ ಮೇಷ್ಟ್ರು, ಪಾಪ!” ಎಂದು ಮರುಗಿದರು. ಆ ಮರುಕ ಅವರ ಬಳಿಯೇ ಇರಲಿ.

ನಾನು ಕೇಳುವುದು ಹೆಚ್ಚೇನಲ್ಲ. ತಿಂಗಳಿಗೊಂದು ದಿನ ಒಂದೇ ವಿಷಯದ ಮೇಷ್ಟ್ರುಗಳನ್ನು ಒಂದು ಕೋಣೆಯಲ್ಲಿ ಬಿಡಿ. ಅಂದು ಯಾವ ನಮೂನೆಯನ್ನೂ ತುಂಬಿಸಬೇಡಿ, ‘ಜಿಪಿಎಸ್ ಫೋಟೋ ಕಳಿಸಿ’ ಎಂದು ಮೆಸೇಜು ಹಾಕಬೇಡಿ, ಪ್ರಮಾಣಪತ್ರವನ್ನಂತೂ ಕೊಡಲೇಬೇಡಿ. ಟೀ ಖರ್ಚು ನಾವೇ ನೋಡಿಕೊಳ್ಳುತ್ತೇವೆ.